ಹೆಕ್ಸ್‌ಬಿ ಸೇತುವೆಯ ಎರಡು ಅಂಗುಲ

ಇಂಗ್ಲೆಂಡಿನ ನಾರ್ಫೋಕ್‌ನ ನಮ್ಮ ಹೆಕ್ಸ್‌ಬಿಯಲ್ಲಿ ಸೇತುವೆಯನ್ನು ಬೈಯದೆ ದಿನ ಕಳೆದವರು ಕಡಿಮೆ. ಆರುನೂರು ವರ್ಷದ ಹಿಂದೆ ಅದನ್ನು ಕಟ್ಟಿದವರಿಗೆ ಜೊಂಡು ಹೊತ್ತ ದೋಣಿ ದಾಟಿದರೆ ಸಾಕಾಗಿತ್ತು. ಮುಂದೊಂದು ದಿನ ಜನ ಮೂವತ್ತಡಿಯ ಬಾಡಿಗೆ ಕ್ರೂಸರ್ ದೋಣಿಯಲ್ಲಿ ಒಲೆ, ಹಾಸಿಗೆ, ಶೌಚಾಲಯ ಎಲ್ಲ ಕಟ್ಟಿಕೊಂಡು ರಜೆ ಕಳೆಯಲು ಬರುತ್ತಾರೆಂದು ಅವರೇನು ಕನಸು ಕಂಡಿದ್ದರೇ? ದಾಟಲು ಇರುವುದು ಮಧ್ಯದ ಕಮಾನು ಒಂದೇ. ಅದಕ್ಕೂ ಎತ್ತರ ಇರುವುದು ನಟ್ಟನಡುವೆ ಮಾತ್ರ. ಒಂದಡಿ ಆಚೀಚೆಯಾದರೆ ನಾಲ್ಕಂಗುಲ ಹೋಗಿಬಿಡುತ್ತದೆ. ಅದಕ್ಕೇ ಬಾಡಿಗೆಗೆ ಬಂದವರು ತಾವೇ ದಾಟುವಂತಿಲ್ಲ. ದೋಣಿಯನ್ನು ದಡಕ್ಕೆ ಕಟ್ಟಿ, ಸೇತುವೆ ದಾಟಿಸುವ ಪೈಲಟನ್ನು ಕರೆದು, ಚುಕ್ಕಾಣಿ ಒಪ್ಪಿಸಿ, ಮುಂದಿನ ಗಾಜನ್ನೂ ಮೇಲ್ಹೊದಿಕೆಯನ್ನೂ ಮಡಚಿಟ್ಟು, ಒಳಗೆ ಕೂತು, ಕೈ ತಲೆ ಹೊರಗೆ ಚಾಚದೆ ಬಾಯಿ ಮುಚ್ಚಿಕೊಂಡಿರಬೇಕು. ಕೊನೆಯದೊಂದನ್ನು ಯಾರೂ ಪಾಲಿಸುವುದಿಲ್ಲ.

ಎನಿಡ್ ಲಾರ್ಟರ್ ಈ ಸೇತುವೆಯ ಪೈಲಟ್ ಆಗಿ ಮೂವತ್ತೊಂದು ವರ್ಷ ಕೆಲಸ ಮಾಡಿದಳು. ಅವಳ ಕೈಯಲ್ಲಿ ಒಂದು ದೋಣಿಗೂ ಗೀರು ಬೀಳಲಿಲ್ಲ. ನಿವೃತ್ತಿಯ ದಿನ ಊರಿನವರು ಚಹಾಕೂಟ ಮಾಡಿ ಹೊಗಳಿದಾಗ ಅವಳು ಎದ್ದು ನಿಂತು, "ಇದ್ರಲ್ಲಿ ನಂದೇನೂ ಇಲ್ಲ, ಹೊರೇಸ್ ದೊಡ್ಡ ಮನಸ್ಸು ಮಾಡಿದ್ರು, ನಾನು ನಿಂತ್ಕೊಂಡೆ," ಎಂದು ಹೇಳಿ ಕೂತುಬಿಟ್ಟಳು. ಹೊಸಬರು ಅದನ್ನು ಸೌಜನ್ಯ ಎಂದುಕೊಂಡರು. ಅರವತ್ತೇಳರ ಸೆಪ್ಟೆಂಬರಿನ ಆ ಶನಿವಾರ ಕಂಡವರು ಮಾತ್ರ ಹಾಗೆ ಅಂದುಕೊಳ್ಳಲಿಲ್ಲ.

ಆಗ ಎನಿಡ್‌ಗೆ ಮೂವತ್ತನಾಲ್ಕು. ಹದಿನಾಲ್ಕನೇ ವಯಸ್ಸಿನಿಂದ ಸೇತುವೆಯ ಕೆಳಗಿನ, ದೋಣಿ ಬಾಡಿಗೆಗೆ ಕೊಡುವ ಬುಲೆನ್ ಬೋಟ್‌ಯಾರ್ಡಿನಲ್ಲಿ ದೋಣಿ ತೊಳೆಯುತ್ತಿದ್ದಳು. ಶನಿವಾರ ಅಲ್ಲಿ ಉಸಿರಾಡಲು ಪುರುಸೊತ್ತಿರುತ್ತಿರಲಿಲ್ಲ. ಒಂದು ವಾರ ರಜೆ ಕಳೆದವರು ಬೆಳಗ್ಗೆ ದೋಣಿ ಒಪ್ಪಿಸಿ ಹೋಗುವುದು, ಹನ್ನೊಂದು ಹೆಂಗಸರು ಬಕೆಟ್ಟು, ಪೊರಕೆ ಹಿಡಿದು ಒಳಗೆ ನುಗ್ಗುವುದು, ಸಂಜೆ ನಾಲ್ಕಕ್ಕೆ ಹೊಸಬರು ಸೂಟ್‌ಕೇಸ್ ಹೊತ್ತು ಹತ್ತುವುದು. ಸೇತುವೆಯ ಮೇಲ್ಗಡೆ ಉಳಿದ ದೋಣಿಗಳನ್ನು ಕೆಳಕ್ಕೆ ತರುತ್ತಿದ್ದವರು ಹೊರೇಸ್ ಥರ್ಟಲ್. ದಪ್ಪ ಹುಬ್ಬಿನ, ಮಾತು ಕಡಿಮೆಯ ಮುದುಕ. ಒಂಬತ್ತು ವರ್ಷದಿಂದ ಎನಿಡ್ ಬಕೆಟ್ಟು ಕೆಳಗಿಟ್ಟು, ಯಾವುದೋ ನೆಪ ಹೇಳಿಕೊಂಡು, ಅವರ ಪಕ್ಕ ನಿಂತು ನೋಡುತ್ತಿದ್ದಳು. ಒಮ್ಮೆಯೂ ಅವರು ಅವಳನ್ನು ಓಡಿಸಲಿಲ್ಲ. ಎರಡು ವರ್ಷ ಕಳೆದ ಮೇಲೆ ಒಂದು ದಿನ ಚುಕ್ಕಾಣಿ ಬಿಟ್ಟು ಪಕ್ಕಕ್ಕೆ ಸರಿದು, "ಹಿಡಿ, ಹುಡ್ಗಿ," ಎಂದರು. ಅಂದಿನಿಂದ ಅವಳಿಗೆ ಬೇರೇನೂ ಬೇಡವಾಯಿತು. ಆ ಚುಕ್ಕಾಣಿ ಬೇಕು, ಅಷ್ಟೇ. ಹೆಂಗಸಿಗೆ ಅದನ್ನು ಯಾರು ಕೊಡುತ್ತಾರೆ ಎಂದು ಊರು ನಗುತ್ತಿತ್ತು. ಅವಳೂ ಜೊತೆಗೆ ನಕ್ಕು, ಮನೆಗೆ ಹೋಗಿ ಅಳುತ್ತಿದ್ದಳು.

ಹೊರೇಸ್ ಕಲಿಸಿದ್ದರಲ್ಲಿ ಒಂದು ಸಂಗತಿ ಊರಿಗೆಲ್ಲ ಗೊತ್ತಿತ್ತು. ಸೇತುವೆಯ ಪಕ್ಕದ ಕಂಬದಲ್ಲಿ ಅಳತೆಯ ಹಲಗೆ ಇದೆ. ನೀರಿನಿಂದ ಕಮಾನಿನ ನೆತ್ತಿಗೆ ಎಷ್ಟು ಜಾಗವಿದೆ ಎಂಬುದನ್ನು ಅದು ಅಡಿ ಅಂಗುಲದಲ್ಲಿ ತೋರಿಸುತ್ತದೆ. ನೀರು ಏರಿದಂತೆ ಅಂಕಿ ಇಳಿಯುತ್ತದೆ. ಹಲಗೆ ಬರೆದವನು ಜಿಪುಣ, ಎರಡಂಗುಲ ಕಡಿಮೆ ಬರೆದಿದ್ದಾನೆ ಎಂಬುದು ಹೆಕ್ಸ್‌ಬಿಯ ನಂಬಿಕೆ. ಆರೂವರೆ ಅಡಿ ಎಂದು ಹಲಗೆ ಹೇಳಿದರೆ ನಿಜವಾಗಿ ಆರಡಿ ಎಂಟಂಗುಲ. ಹೊರಗಿನವರಿಗೆ ಇದನ್ನು ಹೇಳಬಾರದು, ಹೇಳಿದರೆ ತಾವೇ ನುಗ್ಗಿಬಿಡುತ್ತಾರೆ. ಮದುವೆಯಾಗಿ ಬಂದ ಸೊಸೆಯರಿಗೂ ನಾವು ಒಂದೆರಡು ವರ್ಷ ನೋಡಿಯೇ ಈ ಗುಟ್ಟು ಹೇಳುತ್ತಿದ್ದೆವು.

ಆ ವಾರ ಹೊರೇಸ್‌ಗೆ ಸೊಂಟ ಹಿಡಿದುಕೊಂಡಿತು. ನದಿಯ ತಿರುವಿನ ಮನೆಯಲ್ಲಿ ಅಂಗಾತ ಮಲಗಿದವರು ಮಗ್ಗುಲು ಬದಲಿಸಲೂ ಆಗದ ಸ್ಥಿತಿ. ಶನಿವಾರ ಬೆಳಗ್ಗೆ ಯಾರ್ಡಿನ ಯಜಮಾನ ಸಿರಿಲ್ ಬುಲೆನ್ ಎನಿಡ್‌ಳನ್ನು ಕರೆದ. ಕೆಟ್ಟವನಲ್ಲ ಆತ, ಆದರೆ ಶನಿವಾರ ಅವನ ಎದುರು ನಾಯಿಯೂ ಹಾಯುತ್ತಿರಲಿಲ್ಲ.

"ಮೇಲ್ಗಡೆ ಏಳು ದೋಣಿ ಇವೆ. ಹೊರೇಸ್ ನಿನ್ಹೆಸ್ರೇ ಹೇಳ್ತಾ ಕೂತಿದಾನೆ, ಬೇರೆ ದಾರಿ ಇಲ್ಲ ನನ್ಗೆ. ಏಳೂ ನಾಲ್ಕು ಗಂಟೆಯೊಳಗೆ ಯಾರ್ಡಿಗೆ ಬಂದ್ರೆ ಮುಂದಿನ ಸೀಸನ್‌ಗೆ ಎರಡ್ನೇ ಪೈಲಟ್ ನೀನೇ. ಬರ್ಲಿಲ್ಲ ಅಂದ್ರೆ ಯಾರ್ಮತ್‌ನಲ್ಲಿ ಒಬ್ಬ ಮೀನುದೋಣಿಯವ್ನು ಕೇಳ್ತಾ ಇದಾನೆ, ಅವ್ನಿಗೆ ಹೇಳ್ತೀನಿ."

"ಏಳೂ ಬರತ್ತೆ," ಎಂದಳು ಎನಿಡ್.

ಗಾಳಿ ವಾಯವ್ಯದಿಂದ ಬೀಸುತ್ತಿತ್ತು. ಆ ಗಾಳಿ ಬೀಸಿದಾಗ ಸಮುದ್ರ ನದಿಯ ನೀರನ್ನು ಹೊರಗೆ ಬಿಟ್ಟುಕೊಡುವುದಿಲ್ಲ. ಇಳಿತದ ಹೊತ್ತಿನಲ್ಲೂ ನೀರು ಇಳಿಯುವುದಿಲ್ಲ. ಹನ್ನೊಂದಕ್ಕೆ ಹಲಗೆ ಆರಡಿ ಏಳಂಗುಲ ತೋರಿಸಿತು. ಬೇರೆ ದಿನವಾಗಿದ್ದರೆ ಆರಡಿ ಹತ್ತು ಇರಬೇಕಿತ್ತು. ಆದರೂ ಮೊದಲ ಐದು ದೋಣಿಗಳು ಗಿಡ್ಡ. ಎನಿಡ್ ಒಂದೊಂದನ್ನೇ ನದಿಯ ನಡುವಿಗೆ ತಂದು, ಕಮಾನಿನ ನೆತ್ತಿಯ ಕಲ್ಲಿಗೆ ಮೂತಿಯನ್ನು ನೇರ ಹಿಡಿದು, ತೀರಾ ನಿಧಾನವೂ ಅಲ್ಲದೆ ಜೋರೂ ಅಲ್ಲದೆ ದಾಟಿಸಿದಳು. ತೀರಾ ನಿಧಾನ ಮಾಡಿದರೆ ಚುಕ್ಕಾಣಿ ಮಾತು ಕೇಳುವುದಿಲ್ಲ. ಪ್ರತಿ ಸಲ ಕಲ್ಲು ತಲೆಯ ಮೇಲೆ ಹಾದು, ತಂಪು ಗಾಳಿ ಬಂದು, ಮತ್ತೆ ಬೆಳಕಾಗುವಾಗ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಐದನೆಯದರಲ್ಲಿದ್ದ ಒಬ್ಬ ಅಜ್ಜಿ ಅವಳ ಕೈಗೆ ಪುದೀನದ ಮಿಠಾಯಿ ಹಾಕಿ, "ನನ್ನ ಗಂಡ ಕಾರನ್ನೂ ಇಷ್ಟು ನೆಟ್ಟಗೆ ಓಡಿಸ್ಲಿಲ್ಲಮ್ಮ," ಎಂದಳು. ಗಂಡ ಪಕ್ಕದಲ್ಲೇ ಕೂತಿದ್ದ.

ಆರನೆಯದಕ್ಕೆ ಆರಡಿ ಐದಂಗುಲ ಬೇಕಿತ್ತು. ಅಷ್ಟರಲ್ಲಿ ಒಂದು ಗಂಟೆಯಾಗಿ ಹಲಗೆಯಲ್ಲೂ ಸರಿಯಾಗಿ ಅಷ್ಟೇ ಇತ್ತು. ಹಲಗೆ ಜಿಪುಣ ಎಂಬ ಧೈರ್ಯವೇನೋ ಎನಿಡ್‌ಗಿತ್ತು, ಆದರೂ ಮೊದಲ ದಿನ. ಹೊರೇಸ್ ಇಂಥ ಹೊತ್ತಿನಲ್ಲಿ ಮಾಡುತ್ತಿದ್ದುದನ್ನೇ ಮಾಡಿದಳು: ಯಾರ್ಡಿಗೆ ಹೇಳಿ ಕಳಿಸಿ ದೋಣಿಗೆ ಭಾರ ತರಿಸಿದಳು. ಭಾರ ಅಂದರೆ ಮನುಷ್ಯರು. ದೋಣಿಯಲ್ಲಿ ಹೆಚ್ಚು ಜನ ಕೂತಷ್ಟೂ ಅದು ನೀರಿನಲ್ಲಿ ಕೆಳಗಿಳಿಯುತ್ತದೆ. ಹತ್ತು ಮಂದಿ ಒಳ್ಳೆಯ ಮೈಕಟ್ಟಿನವರಾದರೆ ಒಂದಂಗುಲ ಸಿಗುತ್ತದೆ.

ತೊಳೆಯುವ ಹೆಂಗಸರು ಹತ್ತೂ ಜನ ಬಕೆಟ್ಟು ಸಮೇತ ಬಂದರು. ಅವರ ಮುಖ್ಯಸ್ಥೆ ಡಾಫ್ನಿ, ಬುಲೆನ್‌ನ ಹೆಂಡತಿ. ಎಲ್ಲರಿಗಿಂತ ಮುಂದೆ ಬಂದವಳು ಮೇವಿಸ್, ಎನಿಡ್‌ಳ ಶಾಲೆಯ ಗೆಳತಿ.

"ಎಲ್ಲಿ ಕೂರ್ಲಿ ಹೇಳು," ಎಂದಳು ಮೇವಿಸ್. "ಮಧ್ಯದಲ್ಲಿ ಕೂತ್ರೆ ಮುಳುಗಿ ಹೋದೀತು."

"ನೀನು ನೆಲದ್ಮೇಲೆ ಕೂತ್ಕೊಳೇ, ತಲೆ ತಗ್ಗಿಸು. ನಿನ್ ಕೂದ್ಲೇ ಮೂರಂಗುಲ ಇದೆ."

"ನಿನ್ನೆ ಸೆಟ್ ಮಾಡ್ಸಿದ್ದು ಕಣೇ. ಕಮಾನು ಮುಟ್ಟಿದ್ರೆ ದುಡ್ಡು ಯಾರ್ಡಿನವ್ರೇ ಕೊಡ್ಬೇಕು, ಕೇಳಿಸ್ತಾ ಡಾಫ್ನಿ?"

ದೋಣಿ ಸಲೀಸಾಗಿ ದಾಟಿತು. ದಡದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಬುಲೆನ್ ಕೂಡ ಮುಖದ ಗಂಟು ಸ್ವಲ್ಪ ಸಡಿಲಿಸಿದ. ಎನಿಡ್‌ಗೆ ಕಾಲು ನೆಲದ ಮೇಲಿರಲಿಲ್ಲ. ಇನ್ನೊಂದೇ ಉಳಿದಿದ್ದು.

ಆ ಇನ್ನೊಂದು, ಸಿಲ್ವರ್ ಟೀಲ್ ಎಂಬ ಎತ್ತರದ ದೋಣಿ, ಬೆಳಗ್ಗೆಯಿಂದ ಪತ್ತೆಯೇ ಇರಲಿಲ್ಲ. ಹನ್ನೊಂದಕ್ಕೆ ಬರಬೇಕಿದ್ದ ಕ್ರೌದರ್ ಎಂಬ ಲೆಸ್ಟರಿನ ಕಾಲುಚೀಲ ವ್ಯಾಪಾರಿ ಎರಡಕ್ಕೆ ಹತ್ತು ನಿಮಿಷವಿದ್ದಾಗ ಬಂದ. ಮೇಲಿನ ಸರೋವರದಲ್ಲಿ ಮೀನು ಕಚ್ಚುತ್ತಿತ್ತಂತೆ, ಬಿಟ್ಟು ಬರಲು ಮನಸ್ಸಾಗಲಿಲ್ಲವಂತೆ. ಅವನ ಬುಟ್ಟಿಯಲ್ಲಿ ಎರಡು ಬೆರಳುದ್ದದ ಮೀನು ಇತ್ತು. ಇಳಿತದ ಹೊತ್ತು ಮುಗಿದು ನೀರು ಆಗಲೇ ಇನ್ನೂ ಬೇಗ ಏರತೊಡಗಿತ್ತು. ಹಲಗೆಯಲ್ಲಿ ಆರಡಿ ಮೂರು. ಸಿಲ್ವರ್ ಟೀಲ್‌ಗೆ ಬೇಕಿದ್ದುದು ಆರಡಿ ಆರು.

ಎನಿಡ್ ಹಲಗೆಯ ಮುಂದೆ ನಿಂತು ಮೂರು ಸಲ ಓದಿದಳು. ಬುಲೆನ್ ಸೇತುವೆ ದಾಟಿ ದಡಕ್ಕೆ ಬಂದ. ಕೆಳಗೆ ಯಾರ್ಡಿನಲ್ಲಿ ಆ ದೋಣಿಗಾಗಿ ನಾಲ್ಕು ಮಕ್ಕಳ ಒಂದು ಕುಟುಂಬ ಬೆಳಗ್ಗೆಯಿಂದ ಸೂಟ್‌ಕೇಸುಗಳ ಮೇಲೆ ಕೂತು ಕಾಯುತ್ತಿತ್ತು.

"ಮೂರಂಗುಲ ಕಮ್ಮಿ ಇದೆ," ಎಂದಳು ಎನಿಡ್.

"ಹೆಂಗಸ್ರು ಹತ್ತಿದ್ರೆ ಒಂದು ಸಿಗತ್ತೆ. ನೀರಿನ ಟ್ಯಾಂಕು ತುಂಬಿಸ್ತೀನಿ, ಇನ್ನರ್ಧ. ಎರಡಂಗುಲ ಹಲಗೇಲೇ ಇದೆ, ನಿನ್ಗೆ ಹೇಳ್ಬೇಕಾ? ಲೆಕ್ಕ ಹಾಕು. ಅರ್ಧ ಅಂಗುಲ ಉಳಿಯತ್ತೆ."

"ಅರ್ಧ ಅಂಗುಲ ಅಂದ್ರೆ ಏನು ಬುಲೆನ್ ಅವ್ರೇ, ಒಂದು ಅಲೆ ಬಂದ್ರೆ ಮುಗೀತು."

"ಹೊರೇಸ್ ಮೂರು ಸಲ ಹೀಗೇ ತಂದಿದಾನೆ. ನೀನು ಅವ್ನ ಶಿಷ್ಯೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲ."

ಹೆಂಗಸರು ಮತ್ತೆ ಹತ್ತಿದರು. ಕ್ರೌದರ್ ಮಾತ್ರ ತನಗೆ ರೈಲಿಗೆ ಹೊತ್ತಾಯಿತೆಂದು ಮೀನಿನ ಬುಟ್ಟಿ ಹಿಡಿದು ದಡದಲ್ಲಿ ಗೊಣಗುತ್ತ ನಿಂತ. ಟ್ಯಾಂಕು ತುಂಬಿತು. ದೋಣಿ ನಿಜಕ್ಕೂ ಕೆಳಗಿಳಿಯಿತು. ಎನಿಡ್ ಚುಕ್ಕಾಣಿ ಹಿಡಿದಳು. ಎರಡಂಗುಲವನ್ನು ಅವಳೂ ನಂಬಿದ್ದಳು, ನಂಬದಿರಲು ಕಾರಣವೇ ಇರಲಿಲ್ಲ, ಕಲಿಸಿದವರು ಹೊರೇಸ್. ಒಂಬತ್ತು ವರ್ಷ ಕಾದದ್ದು ಇನ್ನು ನೂರು ಗಜದಲ್ಲಿ ಕೈಗೆ ಸಿಗುವುದರಲ್ಲಿತ್ತು. ದಡ ಬಿಟ್ಟು ನಡುವಿಗೆ ಬಂದು ಮೂತಿಯನ್ನು ನೆತ್ತಿಗಲ್ಲಿಗೆ ಹಿಡಿದಳು. ಐವತ್ತು ಗಜ. ನಲವತ್ತು.

"ಎಲ್ರೂ ತಲೆ ತಗ್ಸಿ," ಎಂದಳು.

ಹೇಳಿ ಒಮ್ಮೆ ಹಿಂತಿರುಗಿ ನೋಡಿದಳು. ಹತ್ತು ತಲೆಗಳೂ ಬಾಗಿದ್ದವು. ನಗುವವರೂ ಇಲ್ಲ, ಕೇಳುವವರೂ ಇಲ್ಲ. ಮೇವಿಸ್ ಎರಡು ಕೈಯಲ್ಲಿ ಕೂದಲು ಒತ್ತಿ ಹಿಡಿದುಕೊಂಡಿದ್ದಳು. ಡಾಫ್ನಿ ಮಂಡಿಗೆ ಹಣೆ ಹಚ್ಚಿ ಕೂತಿದ್ದಳು. ಎನಿಡ್ ದಾಟಿಸುತ್ತಾಳೆ ಎಂದು ಅವರು ಅನುಮಾನವೇ ಪಟ್ಟಿರಲಿಲ್ಲ. ತಾನು ಕಣ್ಣಾರೆ ಓದಿದ್ದು ಆರಡಿ ಮೂರು. ಉಳಿದದ್ದೆಲ್ಲ ಯಾರೋ ಹೇಳಿದ್ದು.

ಇಂಜಿನ್ನನ್ನು ಹಿಮ್ಮುಖಕ್ಕೆ ಹಾಕಿದಳು. ಏರುವ ನೀರು ಎದುರಿನಿಂದ ತಳ್ಳುತ್ತಿದ್ದುದರಿಂದ ದೋಣಿ ಬೇಗ ನಿಂತಿತು, ಬಾಲ ಒಂದಿಷ್ಟು ಹೊರಳಿತು. ಹತ್ತು ಗಜ ದೂರದಲ್ಲಿ ಕಮಾನು ಬಾಯಿ ತೆರೆದುಕೊಂಡು ಹಾಗೇ ಇತ್ತು. ಅವಳು ಸಾವಧಾನವಾಗಿ ಹಿಂದೆ ತಂದು ಮೇಲಿನ ದಡಕ್ಕೇ ಕಟ್ಟಿದಳು.

"ಆಗಲ್ಲ," ಎಂದಳು.

ಬುಲೆನ್ ಕೆಂಪಗಾದ. ದಡದಲ್ಲಿ ಅರ್ಧ ಊರು ನೆರೆದಿತ್ತು. "ಆಗಲ್ಲ ಅಂತ ಹೇಳೋಕೆ ಪೈಲಟ್ ಯಾಕೆ ಬೇಕು, ಹಲಗೆ ಸಾಕಲ್ಲ," ಎಂದ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಬಕೆಟ್ಟು ಎಲ್ಲಿದೆ ಅಂತ ಗೊತ್ತಲ್ಲ," ಎಂದು ಹೊರಟುಹೋದ. ಕ್ರೌದರ್ ತನ್ನ ರಜೆಯನ್ನು ಒಬ್ಬಳು ಪುಕ್ಕಲಿ ಹಾಳುಮಾಡಿದಳು ಎಂದು ಟ್ಯಾಕ್ಸಿ ಬರುವವರೆಗೂ ಎಲ್ಲರಿಗೂ ಹೇಳಿಕೊಂಡ. ಇಂಥವರ ಹೆಸರನ್ನು ನಾನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೇ ಹೆಚ್ಚು.

ಎನಿಡ್ ಬಕೆಟ್ಟು ಹಿಡಿದಳು. ಉಳಿದ ದೋಣಿಗಳನ್ನು ತೊಳೆಯುವುದು ಬಾಕಿ ಇತ್ತಲ್ಲ. ಆರನೆಯ ದೋಣಿಯ ಅಡುಗೆ ಒಲೆಯನ್ನು ಅವಳು ಅಳುತ್ತಾ ಉಜ್ಜುವಾಗ ಮೇವಿಸ್ ಬಂದು ಪಕ್ಕದಲ್ಲಿ ಕೂತು ಉಜ್ಜತೊಡಗಿದಳು.

"ಹೋಗ್ಲಿ ಬಿಡೇ. ಹುಟ್ಟಿದಾಗಿಂದ ಮೊದಲ್ನೇ ಸಲ ನನ್ ತೂಕಕ್ಕೆ ಬೆಲೆ ಬಂದಿತ್ತು, ಅದನ್ನೂ ನೀನು ಹಾಳ್ಮಾಡ್ದೆ."

"ಸುಮ್ನಿರೇ."

"ನಿನ್ಗೆ ಭಯ ಆಯ್ತಾ?"

"ನಿಮ್ಮನ್ನೆಲ್ಲ ನೋಡಿ ಆಯ್ತು."

ಮೇವಿಸ್ ಆಮೇಲೆ ತಮಾಷೆ ಮಾಡಲಿಲ್ಲ.

ಸಂಜೆ ಐದೂವರೆಗೆ ಎನಿಡ್ ಹೊರೇಸ್‌ರ ಮನೆಗೆ ಹೋದಳು. ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆಸಿಕೊಂಡಿದ್ದರು. ಅಲ್ಲಿಂದ ಸೇತುವೆ ಕಾಣುತ್ತದೆ. ಅವಳು ಬಾಗಿಲಲ್ಲೇ ನಿಂತು, "ನಿಮ್ಮ ಹೆಸ್ರು ಕೆಡಿಸ್ದೆ," ಎಂದಳು.

"ಎಷ್ಟು ಕಮ್ಮಿ ಇತ್ತು?"

"ಮೂರಂಗುಲ. ಎಲ್ಲ ಸೇರಿಸಿ, ನಿಮ್ಮ ಎರಡಂಗುಲನೂ ಸೇರಿಸಿ, ಅರ್ಧ ಅಂಗುಲ ಮಿಗ್ತಿತ್ತು ಅಂದ್ರು."

ಹೊರೇಸ್ ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ಎನಿಡ್ ಬೈಗುಳಕ್ಕೆ ಕಾದು ನಿಂತಳು.

"ಆ ಎರಡಂಗುಲ ನನ್ಗೆ ಹೇಳಿದ್ದು ನನ್ಗಿಂತ ಮೊದ್ಲು ಪೈಲಟ್ ಆಗಿದ್ದ ಜಿಮ್," ಎಂದರು. "ಜಿಮ್‌ಗೆ ಅವನಪ್ಪ ಹೇಳಿದ್ದು. ನಾನು ಅಳ್ದಿಲ್ಲ, ಹುಡ್ಗಿ. ಮೂವತ್ತು ವರ್ಷದಲ್ಲಿ ಒಂದ್ಸಲನೂ ಅಳ್ದಿಲ್ಲ. ಹಲಗೇಲಿ ದೋಣಿಗೆ ಬೇಕಾದಷ್ಟೇ ಇದ್ದಾಗ ಮೂರು ಸಲ ಅದನ್ನ ನಂಬಿ ನುಗ್ದೆ. ಒಬ್ನೇ ಇದ್ದೆ, ದಾಟ್ದೆ. ಮೂರು ಸಲನೂ ಆಚೆ ಹೋಗಿ ದೋಣಿ ಕಟ್ಟಿ, ಪೊದೆ ಹಿಂದೆ ವಾಂತಿ ಮಾಡ್ಕೊಂಡೆ. ಬುಲೆನ್ ಮುಂದೆ ಆಗಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

"ಹಾಗಾದ್ರೆ ಹಲಗೆ..."

"ಗೊತ್ತಿಲ್ಲ. ಗೊತ್ತಿಲ್ದೇ ಇರೋದನ್ನ ಗೊತ್ತಿದೆ ಅಂತ ನಿನ್ಗೆ ಹೇಳ್ಕೊಟ್ಟೆ. ಅಷ್ಟು ಜನ ಹೆಂಗಸ್ರು ಅದ್ರಲ್ಲಿದ್ರು. ನೀನು ನಿಂತ್ಕೊಂಡ್ಯಲ್ಲ, ನನ್ನ ಮಾತು ನಂಬ್ಕೊಂಡು ಹೋಗ್ಲಿಲ್ವಲ್ಲ, ದೊಡ್ಡ ಉಪಕಾರ ಆಯ್ತು ತಾಯಿ ನನ್ಗೆ."

ಮೂವತ್ತು ವರ್ಷದ ಪೈಲಟ್, ಊರೇ ತಲೆಬಾಗುವ ಮನುಷ್ಯ, ದೋಣಿ ತೊಳೆಯುವವಳ ಮುಂದೆ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಬೇಕಾದರೆ ಎಷ್ಟು ದೊಡ್ಡ ಮನಸ್ಸಿರಬೇಕು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎನಿಡ್ ಮಂಚದ ಅಂಚಿನಲ್ಲಿ ಕೂತು ಅವರ ಕೈ ಹಿಡಿದುಕೊಂಡಳು. ಕೆಲಸ ಹೋದ ದುಃಖ ಆ ಗಳಿಗೆಯಲ್ಲಿ ಅವಳಿಗೆ ನೆನಪಿರಲಿಲ್ಲ. ಹೊರೇಸ್ ಆಗಲೇ ಪಕ್ಕದ ಮನೆಯವರ ಕೈಯಲ್ಲಿ ಬುಲೆನ್‌ಗೆ ಹೇಳಿ ಕಳಿಸಿದರು.

ಬುಲೆನ್‌ಗೂ ಹೊರೇಸ್‌ಗೂ ಏನು ಮಾತಾಯಿತೋ ಗೊತ್ತಿಲ್ಲ. ಜೋರು ದನಿ ಮಾತ್ರ ರಸ್ತೆಗೆ ಕೇಳಿಸಿತು. ಭಾನುವಾರ ಚರ್ಚ್ ಮುಗಿಸಿ ಬುಲೆನ್ ಸೂಟು ಕಳಚದೆಯೇ ಹುಟ್ಟುದೋಣಿ ಹತ್ತಿದ. ಜೊತೆಗೆ ಡಾಫ್ನಿ. ಅವಳು ಹಲಗೆ ಓದಿದಳು, ಅವನು ಕಮಾನಿನ ನಡುವೆ ದೋಣಿ ನಿಲ್ಲಿಸಿ, ಅಡಿಕೋಲು ಹಿಡಿದು ನೀರಿನಿಂದ ಕಲ್ಲಿನವರೆಗೆ ಅಳೆದ. ಸರಿ ಇಲ್ಲ ಎಂದು ಮತ್ತೆ ಅಳೆದ. ಐದು ಸಲ ಅಳೆದ. ಹಲಗೆ ಜಿಪುಣನಲ್ಲ. ಒಂದು ಕೂದಲೆಳೆಯೂ ಹೆಚ್ಚು ಕಡಿಮೆ ಇಲ್ಲದಂತೆ ಸರಿಯಾಗಿತ್ತು. ಅರ್ಧ ಅಂಗುಲ ಮಿಗುವುದಿರಲಿ, ಒಂದೂವರೆ ಅಂಗುಲ ಕಲ್ಲಿನೊಳಗೆ ನುಗ್ಗಬೇಕಾಗಿತ್ತು. ದಡಕ್ಕೆ ಬಂದ ಮೇಲೆ ಬುಲೆನ್ ಹುಟ್ಟು ಕೈಯಲ್ಲೇ ಹಿಡಿದು ಹೆಂಡತಿಯ ಮುಖ ನೋಡುತ್ತಾ ನಿಂತನಂತೆ. ಡಾಫ್ನಿ ಮನೆಗೆ ನಡೆದು, ಮಧ್ಯಾಹ್ನದ ಊಟಕ್ಕೆಂದು ಮಾಡಿದ್ದ ಸೇಬಿನ ಕಡುಬನ್ನು ಪಾತ್ರೆ ಸಮೇತ ಎತ್ತಿಕೊಂಡು ಎನಿಡ್‌ಳ ಮನೆಗೆ ಹೋಗಿ ಕೊಟ್ಟು ಬಂದಳು. ಅವತ್ತು ಬುಲೆನ್‌ಗೆ ಕಡುಬು ಸಿಗಲಿಲ್ಲ.

ಸೋಮವಾರ ಗಾಳಿ ಬಿದ್ದುಹೋಗಿತ್ತು. ರಾತ್ರಿಯ ಇಳಿತದಲ್ಲಿ ನದಿ ತನ್ನ ನೀರನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ ಹಗುರಾಗಿತ್ತು. ಬೆಳಗ್ಗೆ ಹತ್ತಕ್ಕೆ ಎನಿಡ್ ಎಂದಿನಂತೆ ಬಕೆಟ್ಟು ಹಿಡಿದು ಯಾರ್ಡಿಗೆ ಬಂದಾಗ ಬುಲೆನ್ ಗೇಟಿನಲ್ಲೇ ನಿಂತಿದ್ದ. ಬಾ ಎಂದು ಸನ್ನೆ ಮಾಡಿ ಮುಂದೆ ನಡೆದ. ಇಬ್ಬರೂ ಸೇತುವೆ ದಾಟಿ ಮೇಲಿನ ದಡಕ್ಕೆ ಬಂದರು. ಸಿಲ್ವರ್ ಟೀಲ್ ಅಲ್ಲೇ ಇತ್ತು. ನಾಲ್ಕು ಮಕ್ಕಳ ಆ ಕುಟುಂಬವನ್ನು ಬುಲೆನ್ ಎರಡು ದಿನ ತನ್ನ ಮನೆಯಲ್ಲೇ ಇರಿಸಿಕೊಂಡಿದ್ದ. ಅವರೂ ಬಂದು ನಿಂತಿದ್ದರು. ಹೊರೇಸ್ ಇನ್ನು ಸೇತುವೆಗೆ ಬರುವುದಿಲ್ಲವೆಂದು, ತಮ್ಮ ಜಾಗ ಎನಿಡ್‌ಗೆ ಬಿಟ್ಟುಕೊಟ್ಟಿದ್ದಾರೆಂದು ಬುಲೆನ್ ನದಿಯ ಕಡೆ ನೋಡುತ್ತಾ ಹೇಳಿದ. ಆಮೇಲೆ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಎನಿಡ್, ಇವತ್ತು ಆಗುತ್ತಾ?"

ಇಪ್ಪತ್ತು ವರ್ಷ ಅವನ ಯಾರ್ಡಿನಲ್ಲಿ ದುಡಿದವಳಿಗೆ ಅವನು ಹೀಗೆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವಳು ಕಣ್ಣು ಒರೆಸಿಕೊಂಡು ಹಲಗೆಯ ಹತ್ತಿರ ಹೋಗಿ ಬಗ್ಗಿ ಓದಿದಳು: ಆರಡಿ ಒಂಬತ್ತು. ಬಂದು ದೋಣಿಯ ಗಾಜು ಮಡಚಿದಳು, ಹೊದಿಕೆ ಕೆಳಗಿಳಿಸಿದಳು, ಗಾಳಿ ಎತ್ತಲಿನದು ಎಂದು ಮುಖವೊಡ್ಡಿ ನೋಡಿದಳು. ಅಷ್ಟು ಹೊತ್ತೂ ಬುಲೆನ್ ಕಾದ.

"ಆಗುತ್ತೆ," ಎಂದಳು. "ನೀವೂ ಬನ್ನಿ. ಒಳಗೆ ಕೂತ್ಕೊಳಿ, ಕೈ ಹೊರಗೆ ಹಾಕ್ಬೇಡಿ."

ಬುಲೆನ್ ದೋಣಿ ಹತ್ತಿ ಒಳಗೆ ಹೋಗಿ ಕೂತು, ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ತಲೆ ತಗ್ಗಿಸಿದ.